ವಾಸನೆಯ ಕಾಲಂ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನದಲ್ಲೇ ಶುರು ಮಾಡುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ನಾನು ಓದಿದ್ದು ಸಂಜೆ ಶಾಲೆಯಲ್ಲಿ. ಹಗಲೆಲ್ಲ ರಟ್ಟಿನ ಡಬ್ಬಗಳಿಗೆ ಸೈಕಲ್ ಗಂಟೆ ತುಂಬಿ, ಸಂಜೆ ತೂಕಡಿಸುತ್ತ ಕಲಿತ ಅಕ್ಷರ ನನ್ನದು. ಚೆನ್ನಾಗಿ ಬರೆಯಬಲ್ಲವರು ನಮ್ಮ ಊರಿನಲ್ಲಿ ಬೇರೆ ಇದ್ದಾರೆ, ಆದರೆ ಅವರು ಬರೆಯಲಿಲ್ಲ. ನನಗೆ ಬರೆದು ಅಭ್ಯಾಸವಿರುವುದು ಪೀಪಾಯಿಗಳ ಮೇಲೆ ಅಂಟಿಸುವ ಎಚ್ಚರಿಕೆಯ ಚೀಟಿಗಳನ್ನು ಮಾತ್ರ. ಅದಕ್ಕೇ ಕಾರ್ಖಾನೆಯಲ್ಲಿ ನನಗೆ ಚೀಟಿ ವೇಣಿ ಅಂತ ಹೆಸರು. ಚೀಟಿಯಲ್ಲಿ ಸುಳ್ಳು ಬರೆಯಬಾರದು, ಉದ್ದ ಬರೆಯಬಾರದು. ಇಲ್ಲಿ ಮೊದಲನೆಯದನ್ನಾದರೂ ಪಾಲಿಸಲು ನೋಡುತ್ತೇನೆ.

ನಮ್ಮ ಊರಿನ ಕಾರ್ಖಾನೆಯಲ್ಲಿ ಸೈಕಲ್ ಗಂಟೆ ಮಾಡುತ್ತಾರೆ. ತಗಡನ್ನು ಒತ್ತಿ ತೆಗೆದ ಗಂಟೆಯ ಬಟ್ಟಲಿಗೆ ಎಣ್ಣೆಯ ಜಿಡ್ಡು ಹತ್ತಿರುತ್ತದೆ. ಅದು ಹೋಗದಿದ್ದರೆ ಮೇಲೆ ಹೊಳಪಿನ ಲೇಪ ಹಿಡಿಯುವುದಿಲ್ಲ. ಹಾಗಾಗಿ ಬಟ್ಟಲುಗಳನ್ನು ತಂತಿಯ ಬುಟ್ಟಿಯಲ್ಲಿಟ್ಟು ಒಂದು ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ತೊಟ್ಟಿಯಲ್ಲಿರುವುದಕ್ಕೆ ಕಾಗದದಲ್ಲಿ ಬಾಯಿ ತಿರುಗದ ಹೆಸರಿತ್ತು, ನಾವು ತೊಳೆಮದ್ದು ಅನ್ನುತ್ತಿದ್ದೆವು. ನೋಡಲು ನೀರಿನ ಹಾಗೆ. ಕೈಗೆ ತಾಗಿದರೆ ತಣ್ಣಗೆ ಆರಿಹೋಗುತ್ತದೆ. ಕಿಡಿ ಕಂಡರೆ ಹತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರ, ಅಂಚಿನಿಂದ ಇಳಿದು ನೆಲದ ಮೇಲೆ ಕೂರುತ್ತದೆ. ಸ್ವಲ್ಪ ಹೊತ್ತು ಎಳೆದುಕೊಂಡರೆ ತಲೆ ತಿರುಗುತ್ತದೆ, ವರ್ಷಗಟ್ಟಲೆ ಎಳೆದುಕೊಂಡರೆ ಶ್ವಾಸಕೋಶ ಹೋಗುತ್ತದೆ. ಜೊತೆಗೆ ಇನ್ನೊಂದು. ತೊಳೆಮದ್ದಿನ ಮುಚ್ಚಳ ತೆಗೆದಾಗ ಎದುರಿಗೆ ನಿಂತವರಿಗೆ, ಅವರು ಯಾರಿಗಾಗಿ ಹಂಬಲಿಸುತ್ತಾರೋ ಆ ಮನುಷ್ಯರ ವಾಸನೆ ಬರುತ್ತದೆ.

ಯಾರಿಗೆ ಯಾರ ವಾಸನೆ ಅಂತ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ತೊಳೆಯುವ ಕೋಣೆಯಿಂದ ಮನೆಗೆ ಬಂದ ಗಂಡನಿಗೆ ಹೆಂಡತಿ ಕೈಕಾಲಿಗೆ ನೀರು ಕೊಟ್ಟು ಒಳಗೆ ಹೋಗುತ್ತಾಳೆ. ಅವನು ತಾನಾಗಿ ಮಾತಾಡುವವರೆಗೆ ಮಾತಾಡಿಸುವುದಿಲ್ಲ. ಆ ಕೋಣೆಯ ಕೆಲಸಕ್ಕೆ ಎಂದೂ ಜನರ ಕೊರತೆ ಬಂದಿರಲಿಲ್ಲ. ಬಡ್ತಿ ಕೊಟ್ಟು ಬೇರೆ ಕಡೆ ಹಾಕುತ್ತೇವೆಂದರೂ ಹೋಗದವರಿದ್ದರು. ನನ್ನ ಅಪ್ಪ ಕರಿಬಸಪ್ಪ ಅವರಲ್ಲೊಬ್ಬ. ಸಂಜೆ ಶಾಲೆಯ ಕೊನೆಯ ವರ್ಷ ನಾನು ಪರೀಕ್ಷೆಗೆ ಕೂರುವ ಮೊದಲೇ ಅವನು ಉಸಿರಿನ ಕಾಯಿಲೆಯಲ್ಲಿ ಹೋದ. ನಾನು ಸುರಕ್ಷತೆಯ ಡಿಪ್ಲೊಮಾ ಮಾಡಿದ್ದು ಅದಕ್ಕೇ. ಹಾಗಂತ ಯಾರಿಗೂ ಹೇಳಿಕೊಂಡಿಲ್ಲ, ಹೇಳಿದರೆ ದೊಡ್ಡ ಮಾತಾಗುತ್ತದೆ.

ಅಪ್ಪನೆಂದರೆ ನನಗೆ ಕೆಂಪು ಸೋಪಿನ ವಾಸನೆ. ಕೆಲಸದಿಂದ ಬಂದವನು ಅಂಗಿ ಕಳಚಿ ಹಿತ್ತಿಲ ಸೀಬೆ ಗಿಡಕ್ಕೆ ಹಾಕಿ, ಬಚ್ಚಲಿಗೆ ಹೋಗಿ ಚರ್ಮ ಕೆಂಪಾಗುವಷ್ಟು ಉಜ್ಜಿಕೊಂಡ ಮೇಲೆಯೇ ನನ್ನನ್ನು ಮುಟ್ಟುತ್ತಿದ್ದುದು. ಹಾಗಾಗಿ ಸುರಕ್ಷತೆಯ ಕೆಲಸಕ್ಕೆ ನನ್ನನ್ನು ನೇಮಿಸಿದ ದಿನ, ಮ್ಯಾನೇಜರ್ ಸದಾನಂದಯ್ಯನವರು ತೊಟ್ಟಿಯ ಮುಂದೆ ನಿಲ್ಲಿಸಿ ಮುಚ್ಚಳ ಎತ್ತಿಸಿದಾಗ, ನಾನು ಕಣ್ಣು ಮುಚ್ಚಿ ಕೆಂಪು ಸೋಪಿಗಾಗಿ ಕಾದೆ. ಬರಲಿಲ್ಲ. ಬಂದದ್ದು ಬರೀ ಮದ್ದಿನ ವಾಸನೆ. ಸಿಹಿ, ಕೊನೆಗೆ ಸ್ವಲ್ಪ ಖಾರ. ನನ್ನ ಮುಖದಲ್ಲಿ ಏನೂ ಬದಲಾಗದ್ದನ್ನು ನೋಡಿ ಸದಾನಂದಯ್ಯನವರಿಗೆ ಸಮಾಧಾನವಾಯಿತು. ನಿಮಗೆ ಯಾರ ಹಂಬಲವೂ ಇಲ್ಲ ವೇಣಮ್ಮ, ಈ ಕೆಲಸಕ್ಕೆ ನೀವೇ ಸರಿ ಅಂದರು. ಹೊಗಳಿದ್ದೇ ಇರಬೇಕು. ನಾನು ಮನೆಗೆ ಹೋಗಿ ಅಪ್ಪನ ಫೋಟೋ ಕಡೆ ನೋಡದೆ ಊಟ ಮಾಡಿದೆ. ಅಷ್ಟು ವರ್ಷ ಅವನಿಗಾಗಿ ದುಃಖಪಟ್ಟದ್ದೆಲ್ಲ ಬರೀ ನಾಟಕವಾಗಿತ್ತೇ ಎಂಬ ಹೆದರಿಕೆ ಅಂದಿನಿಂದ ಹತ್ತಿತು.

ಹೊರಗಿನಿಂದ ಒಬ್ಬ ತಪಾಸಣಾಧಿಕಾರಿ ಬಂದಾಗ ಆ ಹೆದರಿಕೆ ಕಾಗದದ ಮೇಲೆ ಬಂತು. ಪ್ರತಿ ರಾಸಾಯನಿಕಕ್ಕೂ ಒಂದು ಮಾಹಿತಿ ಪತ್ರ ಗೋಡೆಯ ಮೇಲಿರಬೇಕು, ಕೆಲಸದವರು ಓದುವ ಭಾಷೆಯಲ್ಲಿರಬೇಕು. ಹೆಸರು, ಅಪಾಯ, ಪ್ರಥಮ ಚಿಕಿತ್ಸೆ, ಬಣ್ಣ, ವಾಸನೆ, ಎಲ್ಲಕ್ಕೂ ಒಂದೊಂದು ಕಾಲಂ. ನಾನು ಎಲ್ಲವನ್ನೂ ಕನ್ನಡಕ್ಕೆ ಮಾಡಿ ತೂಗುಹಾಕಿದ್ದೆ, ವಾಸನೆಯ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೆ. ಮದ್ದು ಕಳಿಸುವವರೂ ಖಾಲಿಯೇ ಬಿಟ್ಟಿದ್ದರು. ಅಧಿಕಾರಿ ಅದರ ಮೇಲೆ ಬೆರಳಿಟ್ಟರು. ಸೋರಿಕೆಯಾದರೆ ಜನರಿಗೆ ಮೊದಲು ಗೊತ್ತಾಗುವುದೇ ಮೂಗಿನಿಂದ, ಯಾವ ವಾಸನೆ ಬಂದರೆ ಓಡಬೇಕೆಂದು ನೀವು ಹೇಳದಿದ್ದರೆ ಹೇಗೆ ಅಂದರು. ನಮ್ಮಲ್ಲಿ ವಾಸನೆ ಬಂದರೆ ಜನ ಹತ್ತಿರಕ್ಕೇ ಬರುತ್ತಾರೆ ಸಾರ್ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರೇ ತೊಟ್ಟಿಯ ಕಡೆ ನಡೆದು ಬಗ್ಗಿದರು. ಬಹಳ ಹೊತ್ತು ಎದ್ದೇಳಲಿಲ್ಲ. ಆಮೇಲೆ ಹೊರಗೆ ಬಂದು ಕನ್ನಡಕ ಒರೆಸಿಕೊಂಡು, ತುಂಬಿಸಿ, ಯಾವುದಾದರೂ ಒಂದು ತುಂಬಿಸಿ ಎಂದು ಹೇಳಿ ಚಹಾ ಕೂಡ ಕುಡಿಯದೆ ಹೋದರು. ಬೇರೆಯವರನ್ನು ಕೇಳುವಂತಿಲ್ಲವಲ್ಲ, ನನ್ನ ಮೂಗಿಗೆ ಬಂದದ್ದನ್ನೇ ಬರೆದೆ: ಸಿಹಿ, ಕೊನೆಗೆ ಸ್ವಲ್ಪ ಖಾರ. ಕಾಲಂ ತುಂಬಿತು. ಓದಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತೊಳೆಯುವ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು ಹನುಮಕ್ಕ. ಅಪ್ಪನ ಜೊತೆ ಎದುರುಬದುರು ನಿಂತು ಕೆಲಸ ಮಾಡಿದವಳು. ಎತ್ತರದ ಹೆಂಗಸು, ದೊಡ್ಡ ಗಂಟಲು, ನನ್ನ ತರಬೇತಿ ತರಗತಿಯಲ್ಲಿ ಯಾವಾಗಲೂ ಮುಂದಿನ ಬೆಂಚು. ಒಮ್ಮೆ ಅಪಾಯದ ಚಿತ್ರಗಳನ್ನು ಹಿಡಿದು ಒಂದೊಂದರ ಅರ್ಥ ಕೇಳುತ್ತಿದ್ದೆ. ಬೆಂಕಿಯದು ಎಲ್ಲರಿಗೂ ಗೊತ್ತಾಯಿತು, ತಲೆಬುರುಡೆಯದೂ ಗೊತ್ತಾಯಿತು. ಇನ್ನೊಂದು ಚಿತ್ರವಿದೆ, ಒಬ್ಬ ಮನುಷ್ಯನ ಕಪ್ಪು ಆಕಾರ, ಎದೆಯ ಜಾಗದಲ್ಲಿ ಬಿಳಿಯ ನಕ್ಷತ್ರ ಸಿಡಿದಂತೆ. ಒಳಗಿನ ಅಂಗಾಂಗಗಳಿಗೆ ನಿಧಾನವಾಗಿ ಹಾನಿಯಾಗುತ್ತದೆ ಎಂದು ಅದರ ಅರ್ಥ. ನಾನು ಅದನ್ನು ಎತ್ತಿ ಹಿಡಿದಾಗ ಇಡೀ ತರಗತಿ ತಲೆಯಾಡಿಸಿತು.

"ಇದನ್ನೇನು ಹೇಳ್ಕೊಡ್ತೀಯವ್ವ," ಅಂದಳು ಹನುಮಕ್ಕ. "ಇದು ನಾವೇ ಅಲ್ವಾ."

ನಾನು ಹಾಗಲ್ಲ ಎಂದು ಬಿಡಿಸಿ ಹೇಳಿದೆ. ಅವರೂ ಕೇಳಿದರು. ಆದರೆ ಮರುದಿನದಿಂದ ಆ ಚಿತ್ರ ಅಂಟಿಸಿದ ಪೀಪಾಯಿಗಳ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚತೊಡಗಿದರು. ಎಚ್ಚರಿಕೆ ಅಂತ ನಾನು ಅಂಟಿಸಿದ್ದು ಅವರಿಗೆ ತಮ್ಮ ಮನೆಯ ಬಾಗಿಲಿನ ಹಾಗೆ ಕಂಡಿತ್ತು. ಊಟಕ್ಕೆ ಬೇರೆ ಜಾಗ ಮಾಡಿಸಿದೆ, ಫ್ಯಾನು ಹಾಕಿಸಿದೆ. ಮಾಸ್ಕ್ ಕುತ್ತಿಗೆಗೆ ಇಳಿಸಿದವರನ್ನು ಬೈದೆ. ನಾನು ಬಂದರೆ ಮೇಲೇರುತ್ತಿತ್ತು, ಬೆನ್ನು ತಿರುಗಿಸಿದರೆ ಇಳಿಯುತ್ತಿತ್ತು. ಚೀಟಿ ಬಂತು, ಮೂಗು ಮುಚ್ಕೊಳ್ರಿ ಎಂದು ಹಿಂದೆ ಯಾರೋ ಅನ್ನುವುದು ಕೇಳಿಸುತ್ತಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಸಿಗುತ್ತಿದ್ದುದು ನನಗೆ ಸಿಕ್ಕಿದ್ದರೆ ನಾನು ಮಾಸ್ಕ್ ಹಾಕಿಕೊಳ್ಳುತ್ತಿದ್ದೆನೇ? ಈ ಪ್ರಶ್ನೆ ಕೇಳಿಕೊಂಡವಳು ಬೇರೆಯವರನ್ನು ಬೈಯುವುದು ಹೇಗೆ?

ಚಳಿಗಾಲ ಮುಗಿಯುವ ಹೊತ್ತಿಗೆ ಹನುಮಕ್ಕ ತೊಟ್ಟಿಯ ಬಳಿ ಬಿದ್ದಳು. ಬುಟ್ಟಿ ಎತ್ತಲು ಬಗ್ಗಿದವಳು ಹಾಗೇ ಅಂಚಿಗೆ ಒರಗಿಬಿಟ್ಟಿದ್ದಳಂತೆ, ಮಾಸ್ಕ್ ಗಲ್ಲದ ಕೆಳಗಿತ್ತು. ಎಳೆದು ಬಯಲಿಗೆ ತಂದು ಮಲಗಿಸಿದೆವು. ಕಣ್ಣು ಬಿಟ್ಟಾಗ ಅವಳ ಮುಖದಲ್ಲಿ ನಗುವಿತ್ತು, ನಮ್ಮನ್ನು ನೋಡಿ ಅದು ಹೋಯಿತು. ಡಾಕ್ಟರು ಎದೆಯ ಚಿತ್ರ ತೆಗೆಸಿ, ಇನ್ನು ಈ ಗಾಳಿ ಕುಡಿದರೆ ಮುಂದಿನ ಚಳಿಗಾಲ ಕಾಣುವುದಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪನ ವಿಷಯದಲ್ಲಿ ನನ್ನ ಅವ್ವನಿಗೂ ಅದೇ ಡಾಕ್ಟರು ಅದೇ ಮಾತು ಹೇಳಿದ್ದರು.

ಮರುದಿನ ಸಂಜೆ ಅವಳ ಮನೆಗೆ ಹೋದೆ. ಒಂದು ಕೋಣೆಯ ಮನೆ. ಹನುಮಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ. ಒಳಗೆ ಒದ್ದೆ ಬಟ್ಟೆಯ ಉಂಡೆ, ತಳದಲ್ಲಿ ನೀರಿನಂಥದ್ದು. ನೀರಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಚೀಟಿಯಿಲ್ಲದ ಬಾಟಲಿಯಲ್ಲಿ ತೊಳೆಮದ್ದು, ಅದೂ ಉರಿಯುವ ಒಲೆಯ ಮೇಲೆ. ಬಾಟಲಿ ಎತ್ತಿಕೊಂಡು ಹೋಗಿ ಹೊರಗೆ ಜಗಲಿಯ ತುದಿಯಲ್ಲಿಟ್ಟು ಬಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಚೆಲ್ತೀಯಾ?" ಅಂದಳು.

ಚೆಲ್ಲಬೇಕಾದದ್ದು ನಿಯಮ. ಕಾರ್ಖಾನೆಯಿಂದ ಹೊರಗೆ ತರುವುದೇ ತಪ್ಪು, ನಾನು ಬರೆದುಕೊಂಡು ಹೋಗಿ ಸದಾನಂದಯ್ಯನವರಿಗೆ ಕೊಟ್ಟರೆ ಅವಳ ಕೆಲಸ ಹೋಗುತ್ತದೆ. ಬರೆಯದಿದ್ದರೆ ಒಂದು ದಿನ ಮನೆಯೇ ಹೋಗುತ್ತದೆ. ನಾನು ಅಷ್ಟನ್ನೂ ಹೇಳಿದೆ, ತರಗತಿಯಲ್ಲಿ ಹೇಳುವ ಹಾಗೆ. ಯಾವ ಪಾತ್ರೆಗೆ ಸುರಿದರೂ ಒಳಗೇನಿದೆ ಎಂಬ ಹೆಸರು ಮೇಲಿರಬೇಕು ಎಂಬುದನ್ನೂ ಹೇಳಿದೆ. ಹೆದರಿದಾಗ ನನ್ನ ಬಾಯಿಂದ ನಿಯಮಗಳೇ ಬರುತ್ತವೆ. ಹನುಮಕ್ಕ ಪೂರ್ತಿ ಕೇಳಿದಳು. ಆಮೇಲೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೆಸರು ಬರೀಬೇಕು ಅಂತೀಯಲ್ಲ, ಬರಿ. ಭರಮವ್ವ ಅಂತ ಬರಿ."

ಭರಮವ್ವ ಅವಳ ತಂಗಿ. ತಾಯಿಯಿಲ್ಲದ ಹುಡುಗಿಯನ್ನು ಹನುಮಕ್ಕನೇ ಸಾಕಿ, ಘಟ್ಟದ ಆಚೆಗೆಲ್ಲೋ ಮದುವೆ ಮಾಡಿಕೊಟ್ಟಿದ್ದಳು. ಗಂಡನ ಮನೆಯವರು ಊರು ಬಿಟ್ಟು ಊರಿಗೆ ಹೋಗುವ ಕೆಲಸದವರು. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ಬರಲಿಲ್ಲ. ಹುಡುಕಿಸಿದರೆ ಆ ಗುಂಪು ಇನ್ನೂ ಮುಂದಕ್ಕೆ ಹೋಯಿತು ಅಂದರಂತೆ. ಸತ್ತಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆ ಅಂದಳು ಹನುಮಕ್ಕ. ನಮ್ಮ ಊರಿನಲ್ಲಿ ಯಾರೂ ಯಾರಿಗೂ ಹೇಳದ್ದನ್ನು ಅಂದು ಹೇಳಿದಳು. ಅವಳಿಗೆ ಬರುತ್ತಿದ್ದುದು ಒದ್ದೆ ಕೂದಲಿನ ವಾಸನೆ, ಸೀಗೆಪುಡಿ, ಅದರೊಳಗೆ ಹುಣಸೆಹಣ್ಣು. ಜಡೆ ಹಾಕುವಾಗ ಆ ಹುಡುಗಿ ಕದ್ದು ತಂದ ಹುಣಸೆಹಣ್ಣನ್ನು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದಳಂತೆ, ಅಲುಗಾಡಬೇಡ ಅಂದರೆ ಅಲುಗಾಡುತ್ತಿದ್ದಳಂತೆ.

ನನ್ನ ಚೀಲದಲ್ಲಿ ಚೀಟಿಗಳು ಯಾವಾಗಲೂ ಇರುತ್ತವೆ. ಜಗಲಿಯ ಮೇಲೆ ಕೂತು ಒಂದನ್ನು ಬರೆದೆ. ಮೇಲಿನ ಸಾಲಿನಲ್ಲಿ ತೊಳೆಮದ್ದು. ಅದರ ಪಕ್ಕದಲ್ಲಿ ಭರಮವ್ವ. ಕೆಳಗೆ: ಬೆಂಕಿಯಿಂದ ದೂರ ಇಡಿ. ಬಯಲಿನಲ್ಲಿ ಮಾತ್ರ ತೆರೆಯಿರಿ. ಬಗ್ಗಿ ಮೂಸಬೇಡಿ. ಅಂಟಿಸಿ, ಬಾಟಲಿಯನ್ನು ಹಿತ್ತಿಲಿನ ಕಲ್ಲಿನ ಗೂಡಿನಲ್ಲಿಟ್ಟು ಬಂದೆ. ಹನುಮಕ್ಕ ಚೀಟಿಯನ್ನು ಓದಿಸಿಕೊಂಡು, ಅವಳನ್ನ ಬೆಂಕಿಯಿಂದ ದೂರವೇ ಇಟ್ಟಿದ್ದೆ ಬಿಡು, ಒಲೆ ಹತ್ರ ಬಿಡ್ತಾನೇ ಇರ್ಲಿಲ್ಲ ಅಂದಳು. ನಾನು ಮಾಡಿದ್ದು ಸರಿಯೇ ಎಂದು ಈಗಲೂ ಹೇಳಲಾರೆ. ಬಾಟಲಿಯನ್ನು ಅಲ್ಲಿ ಬಿಟ್ಟು ಬಂದೆ, ಅಷ್ಟು ನಿಜ.

ಆದರೆ ಅಂದೇ ಇನ್ನೊಂದನ್ನು ನಿರ್ಧರಿಸಿದ್ದೆ. ಅಪಾಯಕ್ಕೆ ಮಾಸ್ಕ್ ಕೊನೆಯ ಉಪಾಯ, ಅಪಾಯವಿಲ್ಲದ್ದನ್ನು ತರುವುದೇ ಮೊದಲ ಉಪಾಯ ಎಂದು ಸಂಜೆ ತರಗತಿಯಲ್ಲಿ ಕಲಿಸಿದ್ದರು. ಬಿಸಿನೀರಿಗೆ ಹಾಕುವ ಒಂದು ಪುಡಿ ಮಾರುಕಟ್ಟೆಗೆ ಬಂದಿತ್ತು. ಜಿಡ್ಡು ತೆಗೆಯುತ್ತದೆ, ಹತ್ತಿಕೊಳ್ಳುವುದಿಲ್ಲ, ಅದಕ್ಕೆ ಯಾವ ವಾಸನೆಯೂ ಇಲ್ಲ. ಡಾಕ್ಟರ ಚೀಟಿಯನ್ನು ಲಗತ್ತಿಸಿ ಸದಾನಂದಯ್ಯನವರಿಗೆ ಬರೆದುಕೊಟ್ಟೆ. ಅವರು ಎರಡು ಸಲ ಓದಿದರು. ಇದನ್ನು ತಂದರೆ ಊರು ನಿಮ್ಮನ್ನು ಕ್ಷಮಿಸುವುದಿಲ್ಲ ವೇಣಮ್ಮ ಅಂದರು. ಆಮೇಲೆ ಇನ್ನೂ ಮೆಲ್ಲಗೆ, ನನಗೂ ಅಲ್ಲಿ ಒಬ್ಬರಿದ್ದಾರೆ ಅಂದರು. ಸಹಿ ಹಾಕಿದರು. ಅವರ ಬಗ್ಗೆ ನನಗಿದ್ದ ಅಭಿಪ್ರಾಯ ಅಂದು ಬದಲಾಯಿತು.

ಊರು ಸುಮ್ಮನಿರಲಿಲ್ಲ. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಪಕ್ಕದವರು ತಮ್ಮ ಕೊಡ ಸರಿಸಿಕೊಂಡರು. ಅವಳಿಗೇನು, ಅವಳಿಗೆ ಮದ್ದಿನ ವಾಸನೆ ಬಿಟ್ಟರೆ ಬೇರೆ ಬರೋದಿಲ್ಲವಂತೆ ಅನ್ನುವ ಮಾತು ನನ್ನ ಕಿವಿಗೇ ಬಿತ್ತು. ಗೋಡೆಯ ಮೇಲಿನ ಕಾಲಂ ಓದಿ ಎಲ್ಲರಿಗೂ ನನ್ನ ಗುಟ್ಟು ಗೊತ್ತಾಗಿತ್ತು. ತೊಟ್ಟಿ ಖಾಲಿ ಮಾಡುವ ಮೊದಲು ಒಂದು ಸಲ ಎಲ್ಲರಿಗೂ ಮೂಸಲು ಬಿಡಬೇಕೆಂದು ಕೆಲಸದವರು ಕೇಳಿದರು. ಆಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಅದರ ಬದಲು, ಅದು ಅಪಾಯವಿಲ್ಲದೆ ಆಗುವುದು ಹೇಗೆ ಎಂದು ಬರೆದೆ. ಬಯಲಿನಲ್ಲಿ ಒಂದೇ ಪೀಪಾಯಿ. ಸುತ್ತ ಎಲ್ಲೂ ಬೀಡಿ, ಬೆಂಕಿ ಇಲ್ಲ. ಗಾಳಿ ಬರುವ ಕಡೆಯಿಂದ ಒಬ್ಬೊಬ್ಬರೇ ಬರಬೇಕು. ಸುಣ್ಣದ ಗೆರೆಯ ಆಚೆ ನಿಲ್ಲಬೇಕು, ಬಗ್ಗಬಾರದು. ಎರಡು ಉಸಿರು, ಅಷ್ಟೇ. ಮುಚ್ಚಳದ ಪಕ್ಕ ಒಬ್ಬರು ಕೈಗವಸು, ಮಾಸ್ಕ್ ಹಾಕಿಕೊಂಡು ಕೊನೆಯವರೆಗೂ ನಿಂತಿರಬೇಕು. ಆ ಒಬ್ಬರು ನಾನೇ.

ಬೆಳಿಗ್ಗೆ ಬೆಳಿಗ್ಗೆಯೇ ಜನ ಬಂದರು. ಕಾರ್ಖಾನೆಯವರಷ್ಟೇ ಅಲ್ಲ, ಊರಿನವರೂ ಬಂದರು. ಕೆಲವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು, ಯಾರನ್ನೋ ಎದುರುಗೊಳ್ಳಲು ಹೊರಟವರ ಹಾಗೆ. ಗದ್ದಲವಾಗಬಹುದೆಂದು ನಾನು ಹೆದರಿದ್ದೆ, ಆಗಲಿಲ್ಲ. ಅಷ್ಟು ವರ್ಷ ನನ್ನ ಒಂದು ನಿಯಮವನ್ನೂ ಪಾಲಿಸದವರು ಅಂದು ಒಬ್ಬರೂ ಗೆರೆ ದಾಟಲಿಲ್ಲ. ಒಬ್ಬೊಬ್ಬರೂ ನಿಂತು, ಎರಡು ಉಸಿರು ಎಳೆದು, ಪಕ್ಕಕ್ಕೆ ಸರಿದು ಹಿಂದಿನವರಿಗೆ ಜಾಗ ಬಿಟ್ಟರು. ಸದಾನಂದಯ್ಯನವರು ಟೋಪಿ ತೆಗೆದು ನಿಂತರು. ಹನುಮಕ್ಕನಿಗೆ ಮಾತ್ರ ಡಾಕ್ಟರು ಬೇಡ ಅಂದಿದ್ದರು. ಅವಳು ಗೇಟಿನ ಬಳಿಯ ಕಲ್ಲಿನ ಮೇಲೆ ಕೂತು ಎಲ್ಲರ ಮುಖ ನೋಡುತ್ತಿದ್ದಳು. ನಾನು ಮಾಸ್ಕಿನೊಳಗೆ ನನ್ನದೇ ಬಿಸಿ ಉಸಿರನ್ನು ಎಳೆದುಕೊಳ್ಳುತ್ತ ಕೊನೆಯವರೆಗೆ ನಿಂತೆ. ಆಮೇಲೆ ಮುಚ್ಚಳ ಬಿಗಿಮಾಡಿದೆ. ಲಾರಿ ಬಂತು, ಹೋಯಿತು. ನಾನೂ ಒಂದು ಉಸಿರು ತೆಗೆದುಕೊಳ್ಳಬಹುದಿತ್ತು. ಬರುವುದು ಬರೀ ಮದ್ದಿನ ವಾಸನೆ ತಾನೇ, ಅದಕ್ಕೇಕೆ ನಿಯಮ ಮುರಿಯುವುದು ಅನ್ನಿಸಿತು.

ಈಗ ಆ ಕೋಣೆಯಲ್ಲಿ ಬಿಸಿನೀರಿನ ಹಬೆ ಮಾತ್ರ. ಯಾರಿಗೂ ತಲೆ ತಿರುಗುವುದಿಲ್ಲ. ಹನುಮಕ್ಕನನ್ನು ಗಂಟೆ ಪರೀಕ್ಷೆ ಮಾಡುವ ಮೇಜಿಗೆ ಹಾಕಿದೆವು. ತಯಾರಾದ ಒಂದೊಂದು ಗಂಟೆಯನ್ನೂ ಬಾರಿಸಿ ನೋಡಿ ಪಕ್ಕಕ್ಕಿಡುವ ಕೆಲಸ. ಮುಂದಿನ ಚಳಿಗಾಲವನ್ನು ಅವಳು ಕಂಡಳು. ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸೆರಗಿನಲ್ಲಿ ಸುತ್ತಿಕೊಂಡು ಹಾರ್ಲಿಕ್ಸ್ ಬಾಟಲಿ ತಂದಳು. ಬಟ್ಟೆಯ ಉಂಡೆ ಒಣಗಿ ಗಟ್ಟಿಯಾಗಿತ್ತು. ಚೀಟಿ ಮಾತ್ರ ಹಾಗೇ ಇತ್ತು.

"ಖಾಲಿಯಾಯ್ತು ಕಣವ್ವ. ಖಾಲಿಯಾದ ಮೇಲೆ ಚೀಟಿ ಕಿತ್ತಾಕ್ಬೇಕು ಅಂತ ನೀನೇ ಹೇಳಿದ್ದೆ."

ಹೇಳಿದ್ದು ನಿಜ. ಖಾಲಿ ಪಾತ್ರೆಗೆ ಹಳೆಯ ಚೀಟಿ ಇರಬಾರದು, ನಾಳೆ ಯಾರಾದರೂ ಅದರಲ್ಲಿ ಬೇರೆ ಏನಾದರೂ ತುಂಬಿಟ್ಟಾರು. ಉಗುರಿನಿಂದ ಮೂಲೆ ಎಬ್ಬಿಸಿದೆ. ಭರಮವ್ವ ಎಂಬ ಹೆಸರಿನವರೆಗೆ ಬಂದು ಕೈ ನಿಂತಿತು. ಅವಳೇನೂ ಅವಸರ ಮಾಡಲಿಲ್ಲ. ನಮ್ಮ ಊರಿನಲ್ಲಿ ಕೇಳಬಾರದ್ದನ್ನು ಕೇಳಿದಳು. ಆ ದಿನ ಎಲ್ಲರೂ ಬಂದು ಹೋದರು, ನೀನು ಮಾತ್ರ ಮೂಗು ಮುಚ್ಕೊಂಡೇ ನಿಂತಿದ್ದೆ, ನಿನಗೆ ಯಾರೂ ಇರಲಿಲ್ವಾ ಅಂದಳು. ಅವಳು ನನಗೆ ತನ್ನದನ್ನು ಹೇಳಿದ್ದಳು, ನಾನು ನನ್ನದನ್ನು ಹೇಳಲೇಬೇಕಾಯಿತು. ಕೆಂಪು ಸೋಪಿಗಾಗಿ ಕಾದದ್ದು, ಬರದೇ ಇದ್ದದ್ದು, ಬರೀ ಮದ್ದಿನ ವಾಸನೆ ಬಂದದ್ದು. ಅಪ್ಪನಿಗಾಗಿ ನಾನು ನಿಜವಾಗಿ ಹಂಬಲಿಸಿಯೇ ಇಲ್ಲವೇನೋ ಎಂಬ ಹೆದರಿಕೆಯನ್ನೂ ಹೇಳಿದೆ.

ಹನುಮಕ್ಕ ನನ್ನ ಕಡೆ ತಿರುಗಿ ಕೂತಳು.

"ಸೋಪು ಯಾಕೆ ಬರುತ್ತೆ, ಹುಚ್ಚಿ. ನಿನ್ನನ್ನ ಇಸ್ಕೂಲಿಂದ ಕರ್ಕೊಂಡು ಬರ್ತಿದ್ದ ಅಲ್ವೇನೇ ನಿಮ್ಮಪ್ಪ. ಪಾಳಿ ಮುಗೀತಿದ್ದಂಗೆ ಸೈಕಲ್ ಹತ್ತೋನು. ಅಂಗೀನಾದ್ರೂ ಬದಲಾಯಿಸೋ ಬಸಣ್ಣ ಅಂದ್ರೆ, ಮಗು ಕತ್ತಲಲ್ಲಿ ಕಾಯ್ತಿರುತ್ತೆ ಅಂತ ಓಡೋನು."

ಆಗ ನೆನಪಾಯಿತು. ಮರೆತಿದ್ದೆ ಅನ್ನುವುದು ಸರಿಯಲ್ಲ, ಅದನ್ನು ನಾನು ಅಪ್ಪನ ವಾಸನೆ ಎಂದು ಎಂದೂ ಎಣಿಸಿರಲಿಲ್ಲ. ಸಂಜೆ ಶಾಲೆಯ ಬಾಗಿಲಲ್ಲಿ ಅವನು ಗಂಟೆ ಬಾರಿಸುತ್ತಿದ್ದ. ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತು, ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು, ನಿದ್ದೆ ತಡೆಯಲಾರದೆ ಅವನ ಬೆನ್ನಿಗೆ ಮುಖ ಒತ್ತಿಕೊಳ್ಳುತ್ತಿದ್ದೆ. ಬೆವರಿಗೆ ಒದ್ದೆಯಾದ ಕೆಲಸದ ಅಂಗಿ. ಮನೆ ಬರುವವರೆಗೆ ಮೂಗಿನಲ್ಲಿ ಅದೇ. ಸಿಹಿ, ಕೊನೆಗೆ ಸ್ವಲ್ಪ ಖಾರ.

ಬಾಟಲಿಯ ಮುಚ್ಚಳ ತಿರುಗಿಸಿದೆ. ನಿಯಮದಂತೆ ಬಯಲಿನಲ್ಲೇ ಇದ್ದೆವು. ನಿಯಮ ಮೀರಿ ಬಗ್ಗಿ, ಮೂಗನ್ನು ಬಾಟಲಿಯ ಬಾಯಿಗೇ ಇಟ್ಟೆ. ತುಂಬಾ ಹಿಂದಿನ ಹಾರ್ಲಿಕ್ಸಿನ ವಾಸನೆ ಇತ್ತೇನೋ. ಹನುಮಕ್ಕ ಏನಾದರೂ ಬಂತಾ ಅಂತ ಕೇಳಲಿಲ್ಲ. ಎದ್ದು ಹೋಗಿ ತನ್ನ ಮೇಜಿನ ಮುಂದೆ ಕೂತು ಗಂಟೆ ಬಾರಿಸತೊಡಗಿದಳು.

ಚೀಟಿಯನ್ನು ಕೀಳಲಿಲ್ಲ. ಬಾಟಲಿ ಖಾಲಿಯಾಗಿಯೇ ನನ್ನ ಕಪಾಟಿನಲ್ಲಿದೆ, ತಪಾಸಣೆಗೆ ಬಂದವರು ಕೇಳಿದರೆ ಉತ್ತರ ಕೊಡಬೇಕಾದವಳು ನಾನು. ಹಳೆಯ ಮಾಹಿತಿ ಪತ್ರವನ್ನೂ ಗೋಡೆಯಿಂದ ಇಳಿಸಿ ಇಟ್ಟುಕೊಂಡಿದ್ದೇನೆ. ಅದರ ವಾಸನೆಯ ಕಾಲಂನಲ್ಲಿ ನಾನು ಬರೆದದ್ದು ತೊಳೆಮದ್ದಿನ ನಿಜವಾದ ವಾಸನೆಯೋ, ಅಥವಾ ಎಲ್ಲರಿಗೂ ಅವರವರದು ಬರುವಂತೆ ನನಗೆ ಬಂದ ನನ್ನ ಅಪ್ಪನ ವಾಸನೆಯೋ ನನಗೆ ತಿಳಿಯದು. ಈಗ ಮೂಸಿ ನೋಡಿ ಹೇಳಲು ಊರಿನಲ್ಲಿ ಒಂದು ಹನಿಯೂ ಉಳಿದಿಲ್ಲ.